ಎವ್ರಿವನ್ ಅಂಡ್ ಹಿಸ್ ಡಾಗ್: ಬಾಲವಿರುವ ‘ಎಲ್ಲರೂ’ ಪದವನ್ನು ಬಳಸುವ ಬಗೆ

ಇಂಗ್ಲಿಷಿನಲ್ಲಿ ‘ಎಲ್ಲರೂ’ ಎಂದು ಹೇಳಲು ಎವ್ರಿವನ್, ಎವ್ರಿಬಡಿ ಎಂಬ ಸಾದಾ ಪದಗಳಿವೆ. ಅವು ಸಾಲದೆಂಬಂತೆ ಅವುಗಳ ಹಿಂದೆ ಒಂದು ನಾಯಿಯನ್ನೋ, ಸೋದರನನ್ನೋ, ತಾಯಿಯನ್ನೋ, ಹೆಂಡತಿಯನ್ನೋ ಬಾಲದಂತೆ ಜೋಡಿಸಿ ಹೇಳುವ ರೂಢಿ ಆ ಭಾಷೆಯಲ್ಲಿ ಸುಮಾರು ಮೂರು ಶತಮಾನಗಳಿಂದ ನಡೆದುಬಂದಿದೆ. ‘ಎವ್ರಿವನ್ ಅಂಡ್ ಹಿಸ್ ಡಾಗ್’, ‘ಎವ್ರಿಬಡಿ ಅಂಡ್ ಹಿಸ್ ಬ್ರದರ್’, ‘ಎವ್ರಿವನ್ ಅಂಡ್ ದೇರ್ ಮದರ್’, ‘ಆಲ್ ದ ವರ್ಲ್ಡ್ ಅಂಡ್ ಹಿಸ್ ವೈಫ್’ ಇವೆಲ್ಲವೂ ಒಂದೇ ಬಳಗಕ್ಕೆ ಸೇರಿದ ನುಡಿಗಟ್ಟುಗಳು. ನಿಘಂಟಿನಲ್ಲಿ ನೋಡಿದರೆ ಎಲ್ಲಕ್ಕೂ ‘ಹೆಚ್ಚುಕಡಿಮೆ ಎಲ್ಲರೂ’ ಎಂಬ ಅರ್ಥವೇ ಸಿಗುತ್ತದೆ. ಆದರೆ ಆ ಅರ್ಥವೊಂದನ್ನೇ ನಂಬಿ ಇವುಗಳನ್ನು ಕಚೇರಿಯ ಪತ್ರದಲ್ಲೋ ಮಾತಿನಲ್ಲೋ ಬಳಸಲು ಹೊರಟವರು ಬೇಗನೆ ಎಡವುತ್ತಾರೆ, ಏಕೆಂದರೆ ಇವು ಜನರ ಸಂಖ್ಯೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಹೇಳುವವರ ಮುಖಭಾವವನ್ನು ಹೇಳುತ್ತವೆ. ‘ಇಷ್ಟೊಂದು ಮಂದಿ ಬೇಕಿತ್ತೇ?’ ಎಂಬ ಒಂದು ತೆಳುವಾದ, ನಗುಬೆರೆತ ಬೇಸರ ಈ ಬಾಲದಲ್ಲಿ ಅಡಗಿದೆ. ಆ ಬೇಸರ ನಿಮ್ಮ ಮನಸ್ಸಿನಲ್ಲಿ ಇದ್ದಾಗ ಮಾತ್ರ ಬಾಲವನ್ನು ಜೋಡಿಸಬೇಕು.

ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ನೀವು ಬರೆಯಹೊರಟ ವಾಕ್ಯದಲ್ಲಿ ಮೊದಲು ಬರಿಯ ಎವ್ರಿವನ್ ಪದವನ್ನು ಇಟ್ಟು ಓದಿಕೊಳ್ಳಿ. ‘ಎವ್ರಿವನ್ ಹ್ಯಾಸ್ ಸಬ್ಮಿಟೆಡ್ ದ ಫಾರ್ಮ್’ ಎಂಬ ವಾಕ್ಯ ಒಂದು ಸಂಗತಿಯನ್ನು ವರದಿ ಮಾಡುತ್ತದೆ, ಅಲ್ಲಿ ಯಾರ ಮೇಲೂ ನಗಬೇಕಾದ ಕಾರಣವಿಲ್ಲ, ಆದ್ದರಿಂದ ಅಲ್ಲಿ ನಾಯಿಗೆ ಜಾಗವಿಲ್ಲ. ಆದರೆ ‘ದೀಸ್ ಡೇಸ್ ಎವ್ರಿವನ್ ಹ್ಯಾಸ್ ಎ ಪಾಡ್‌ಕಾಸ್ಟ್’ ಎಂದಾಗ ಹೇಳುವವರ ಉದ್ದೇಶ ಪಾಡ್‌ಕಾಸ್ಟ್ ಮಾಡುವವರ ಗಣತಿ ಕೊಡುವುದಲ್ಲ, ಒಂದು ಕಾಲಕ್ಕೆ ವಿಶೇಷವಾಗಿದ್ದದ್ದು ಈಗ ಅಗ್ಗವಾಗಿಬಿಟ್ಟಿದೆ ಎಂದು ಸೂಚಿಸುವುದು. ಇಲ್ಲಿ ‘ಎವ್ರಿವನ್ ಅಂಡ್ ಹಿಸ್ ಡಾಗ್ ಹ್ಯಾಸ್ ಎ ಪಾಡ್‌ಕಾಸ್ಟ್’ ಎಂದರೆ ವಾಕ್ಯಕ್ಕೆ ಕಳೆ ಬರುತ್ತದೆ. ಗಮನಿಸಿದರೆ ಈ ನುಡಿಗಟ್ಟಿನ ಅಕ್ಕಪಕ್ಕದಲ್ಲಿ ‘ದೀಸ್ ಡೇಸ್’, ‘ಸಡನ್ಲಿ’, ‘ಸೀಮ್ಸ್ ಟು’, ‘ವಾಂಟ್ಸ್ ಟು’, ‘ಹ್ಯಾಸ್ ಆನ್ ಒಪಿನಿಯನ್’ ಮುಂತಾದ ಮಾತುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಹೊಸ ಗೀಳು, ತುಂಬಿ ತುಳುಕುವ ಕಡಲತೀರ, ಎಲ್ಲರೂ ಕೊಡುವ ಬಿಟ್ಟಿ ಸಲಹೆ, ಗುಟ್ಟಾಗಿ ಉಳಿಯದ ಗುಟ್ಟು ಇವು ಅದರ ಸಹಜವಾದ ನೆಲೆಗಳು.

ಈ ನಗು ಎಷ್ಟು ಹಳೆಯದೆಂಬುದನ್ನು ತಿಳಿದರೆ ಬಳಕೆಯ ಹದವೂ ಸಿಗುತ್ತದೆ. ಡಬ್ಲಿನ್ನಿನ ವಿಡಂಬನಕಾರ ಜೊನಾಥನ್ ಸ್ವಿಫ್ಟ್ 1738ರಲ್ಲಿ ಸೈಮನ್ ವ್ಯಾಗ್‌ಸ್ಟಾಫ್ ಎಂಬ ಹುಸಿಹೆಸರಿನಲ್ಲಿ ಒಂದು ಸಂಭಾಷಣೆಗಳ ಪುಸ್ತಕವನ್ನು ಪ್ರಕಟಿಸಿದ. ದೊಡ್ಡ ಮನೆತನದವರು ಚಹಾ ಮತ್ತು ಊಟದ ಮೇಜಿನ ಸುತ್ತ ಕುಳಿತು ಆಡುವ ಸವೆದ ಮಾತುಗಳನ್ನೆಲ್ಲ ಒಂದೆಡೆ ಗುಡ್ಡೆಹಾಕಿ ಗೇಲಿ ಮಾಡುವುದು ಅವನ ಉದ್ದೇಶವಾಗಿತ್ತು. ಆ ಪುಸ್ತಕದಲ್ಲಿ, ಯಾರ್ಯಾರು ಬಂದಿದ್ದರು ಎಂಬ ಪ್ರಶ್ನೆಗೆ ‘ಆಲ್ ದ ವರ್ಲ್ಡ್ ಅಂಡ್ ಹಿಸ್ ವೈಫ್’ ಎಂಬ ಉತ್ತರ ಬರುತ್ತದೆ. ಅಂದರೆ ಈ ನುಡಿಗಟ್ಟು ಸ್ವಿಫ್ಟನ ಲೇಖನಿಗೆ ಸಿಕ್ಕುವ ಹೊತ್ತಿಗಾಗಲೇ ಸವೆದುಹೋಗಿತ್ತು. ಮುಂದೆ 1766ರಲ್ಲಿ ಕ್ರಿಸ್ಟೊಫರ್ ಆನ್‌ಸ್ಟಿ ಎಂಬ ಕವಿ ಇಂಗ್ಲೆಂಡಿನ ಬಾತ್ ಪಟ್ಟಣದ ಶೋಕಿ ಜೀವನವನ್ನು ಪದ್ಯರೂಪದ ಪತ್ರಗಳಲ್ಲಿ ವರ್ಣಿಸುವಾಗಲೂ ಇದೇ ಮಾತನ್ನು ತಂದಿದ್ದಾನೆ. ಕಾಫಿ, ಚಹಾ, ಬೆಣ್ಣೆ, ಟೋಸ್ಟುಗಳೊಂದಿಗೆ ಉಪಚರಿಸುವ ಒಬ್ಬ ಆತಿಥೇಯ ಜಗತ್ತನ್ನೂ ಅವನ ಹೆಂಡತಿಯನ್ನೂ ಒಟ್ಟಿಗೆ ಬರಮಾಡಿಕೊಳ್ಳುತ್ತಾನೆ, ಹುಟ್ಟಿದಾಗಿನಿಂದ ಮುಖ ನೋಡದವರನ್ನೂ ಆದರಿಸುತ್ತಾನೆ. ಈ ಎರಡು ಉದಾಹರಣೆಗಳಿಂದ ತಿಳಿಯಬೇಕಾದ ಪಾಠವೆಂದರೆ, ಇದನ್ನು ಹೊಸ ಹಾಸ್ಯವೆಂದು ಭಾವಿಸಿ ಹೇಳಬಾರದು. ಹೇಳಿ ನಗುವಿಗಾಗಿ ಕಾಯುತ್ತ ನಿಲ್ಲುವವರು ಪೆಚ್ಚಾಗಬೇಕಾಗುತ್ತದೆ. ಹೇಳುತ್ತಲೇ ಮುಂದಿನ ಮಾತಿಗೆ ಸರಿದುಹೋಗುವುದೇ ಸರಿಯಾದ ಕ್ರಮ.

ಯಾವ ಬಾಲವನ್ನು ಆರಿಸಬೇಕು?

ಇದು ಬಹುಮಟ್ಟಿಗೆ ಎದುರಿಗಿರುವವರು ಯಾವ ದೇಶದವರು ಎಂಬುದನ್ನು ಅವಲಂಬಿಸಿದೆ. ಬ್ರಿಟನ್ನಿನಲ್ಲಿ ಮತ್ತು ಅದಕ್ಕಿಂತ ಹೆಚ್ಚು ಸಲೀಸಾಗಿ ಆಸ್ಟ್ರೇಲಿಯದಲ್ಲಿ ‘ಎವ್ರಿ ಮ್ಯಾನ್ ಅಂಡ್ ಹಿಸ್ ಡಾಗ್’ ಎನ್ನುತ್ತಾರೆ. ಡಿಸೆಂಬರ್ 26ರಂದು ಮೆಲ್ಬರ್ನ್ ಕ್ರೀಡಾಂಗಣದಲ್ಲಿ ಶುರುವಾಗುವ ಟೆಸ್ಟ್ ಪಂದ್ಯದ ಮೊದಲ ದಿನದ ನೂಕುನುಗ್ಗಲನ್ನು ವಿವರಿಸಲು ಆಸ್ಟ್ರೇಲಿಯದವರಿಗೆ ಇದಕ್ಕಿಂತ ಒಗ್ಗುವ ಮಾತು ಇನ್ನೊಂದಿಲ್ಲ. ಅಮೆರಿಕದಲ್ಲಿ ನಾಯಿಗಿಂತ ನೆಂಟರದೇ ಮೇಲುಗೈ: ಅಲ್ಲಿ ‘ಎವ್ರಿಬಡಿ ಅಂಡ್ ಹಿಸ್ ಬ್ರದರ್’, ‘ಎವ್ರಿಬಡಿ ಅಂಡ್ ದೇರ್ ಅಂಕಲ್’, ‘ಎವ್ರಿವನ್ ಅಂಡ್ ದೇರ್ ಮದರ್’ ಎಂಬ ರೂಪಗಳು ಕೇಳಿಬರುತ್ತವೆ. ತಾಯಿಯನ್ನು ಎಳೆದುತರುವ ಕೊನೆಯ ರೂಪ ಗೆಳೆಯರ ನಡುವಿನ ಸಲುಗೆಯ ಮಾತು. ‘ದ ವರ್ಲ್ಡ್ ಅಂಡ್ ಹಿಸ್ ವೈಫ್’ ಪೂರ್ತಿಯಾಗಿ ಬ್ರಿಟಿಷ್ ಮಾತು, ಈಗಲೂ ಅಲ್ಲಿನ ಪತ್ರಿಕೆಗಳಲ್ಲಿ, ಅದರಲ್ಲೂ ಪ್ರವಾಸ ಮತ್ತು ಸಮಾರಂಭಗಳ ಬರಹಗಳಲ್ಲಿ, ಕಾಣಸಿಗುತ್ತದೆ. ಜಗತ್ತು ಗಂಡಸು, ಹೆಂಡತಿ ಅವನ ಹಿಂದೆ ಬರುವವಳು ಎಂಬ ಅದರೊಳಗಿನ ಚಿತ್ರ ಇಂದು ಅನೇಕರಿಗೆ ಹಿಡಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕನ್ನಡಿಗರಾದ ನಾವು ಇದನ್ನು ಓದಿ ಅರ್ಥಮಾಡಿಕೊಂಡರೆ ಸಾಕು, ಬಳಸುವ ಅಗತ್ಯವಿಲ್ಲ. ಯಾರಿಗೂ ನೋವಾಗದ, ಎಲ್ಲ ದೇಶದವರಿಗೂ ಅರ್ಥವಾಗುವ ರೂಪ ಬೇಕೆಂದರೆ ‘ಎವ್ರಿವನ್ ಅಂಡ್ ದೇರ್ ಡಾಗ್’ ಎಂಬುದನ್ನು ಆರಿಸಿಕೊಳ್ಳಬಹುದು. ‘ಹಿಸ್’ ಬದಲಿಗೆ ‘ದೇರ್’ ಬಂದರೆ ತಪ್ಪೇನೂ ಇಲ್ಲ.

ನಾಯಿ ಎಂದೊಡನೆ ಕೆಲವರು ಹಿಂಜರಿಯುತ್ತಾರೆ. ನಮ್ಮಲ್ಲಿ ಮನುಷ್ಯರ ಸಾಲಿನಲ್ಲಿ ನಾಯಿಯನ್ನು ನಿಲ್ಲಿಸಿದರೆ ಬೈದಂತಾಗುತ್ತದೆ, ಇಂಗ್ಲಿಷಿನ ಈ ಮಾತಿನಲ್ಲಾದರೋ ನಾಯಿ ಒಡೆಯನ ಜೊತೆಗೆ ಸುಮ್ಮನೆ ಬಂದ ಸಂಗಾತಿ, ಬಯ್ಗುಳದ ಸೋಂಕು ಅದಕ್ಕಿಲ್ಲ. ಆದರೂ ಕೇಳುವವರು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಕೇಳುವ ಹಿರಿಯರಾಗಿದ್ದರೆ ನಾಯಿಯನ್ನು ಬಿಟ್ಟು ಸೋದರನನ್ನು ಕರೆತರುವುದು ಕ್ಷೇಮ.

ಬ್ರಿಟನ್ನಿನಲ್ಲಿ ಇನ್ನೊಂದು ಬಾಲವಿದೆ, ಅದರ ವ್ಯಾಕರಣವೇ ಬೇರೆ. ನೈಋತ್ಯ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ, ಡಾರ್ಟ್‌ಮೂರ್ ಬಯಲಿನ ನಡುವೆ ವಿಡಿಕಂಬ್ ಎಂಬ ಹಳ್ಳಿಯಿದೆ. ಅಲ್ಲಿ ಸೆಪ್ಟೆಂಬರ್ ತಿಂಗಳ ಎರಡನೆಯ ಮಂಗಳವಾರ ಜಾತ್ರೆ ನಡೆಯುತ್ತದೆ. ಆ ಜಾತ್ರೆಗೆ ಹೋಗಲು ಟಾಮ್ ಪಿಯರ್ಸ್ ಎಂಬಾತನ ಬೂದು ಬಣ್ಣದ ಹೆಣ್ಣುಕುದುರೆಯನ್ನು ಎರವಲು ಕೇಳಿದವರ ಕಥೆ ಒಂದು ಜನಪದ ಹಾಡಿನಲ್ಲಿದೆ. ಡೆವನ್ನಿನ ಪಾದ್ರಿ ಸೇಬೀನ್ ಬೇರಿಂಗ್-ಗೂಲ್ಡ್ 1890ರ ಆಸುಪಾಸಿನಲ್ಲಿ ಅದನ್ನು ತನ್ನ ಸಂಗ್ರಹದಲ್ಲಿ ಅಚ್ಚುಹಾಕಿಸಿದ. ಬಿಲ್ ಬ್ರೂವರ್, ಜಾನ್ ಸ್ಟೂವರ್, ಪೀಟರ್ ಗರ್ನಿ, ಪೀಟರ್ ಡೇವಿ, ಡ್ಯಾನ್ ವಿಡನ್, ಹ್ಯಾರಿ ಹಾಕ್ ಎಂದು ಪಲ್ಲವಿಯಲ್ಲಿ ಹೆಸರುಗಳು ಸಾಲುಗಟ್ಟಿ, ಕೊನೆಗೆ ‘ಓಲ್ಡ್ ಅಂಕಲ್ ಟಾಮ್ ಕಾಬ್ಲಿ ಅಂಡ್ ಆಲ್’ ಎಂದು ಮುಗಿಯುತ್ತದೆ. ಇಷ್ಟು ಮಂದಿಯ ಹೊರೆ ಕಂಡ ಕುದುರೆ ಕೊನೆಗೆ ಸತ್ತು ದೆವ್ವವಾಗುತ್ತದೆಂಬುದು ಹಾಡಿನ ಮುಂದಿನ ಕಥೆ. ಈ ಪಲ್ಲವಿಯ ಕೊನೆಯ ತುಣುಕೇ ನುಡಿಗಟ್ಟಾಗಿ ನಿಂತಿದೆ. ಹಾಡಿನ ರಚನೆಯೇ ಅದರ ಬಳಕೆಯ ನಿಯಮವನ್ನೂ ಹೇಳಿಕೊಡುತ್ತದೆ: ‘ಅಂಕಲ್ ಟಾಮ್ ಕಾಬ್ಲಿ ಅಂಡ್ ಆಲ್’ ಒಂಟಿಯಾಗಿ ವಾಕ್ಯದ ಆರಂಭದಲ್ಲಿ ನಿಲ್ಲಲಾರದು, ಅದಕ್ಕೆ ಮುಂಚೆ ನಾಲ್ಕಾರು ಹೆಸರುಗಳ ಪಟ್ಟಿ ಬರಬೇಕು. ಮಂತ್ರಿ, ಅವರ ಕಾರ್ಯದರ್ಶಿ, ಜಿಲ್ಲಾಧಿಕಾರಿ, ಇಬ್ಬರು ಎಂಜಿನಿಯರುಗಳು ಎಂದು ಎಣಿಸುತ್ತ ಹೋಗಿ, ಎಣಿಕೆ ಸಾಕೆನಿಸಿದ ಗಳಿಗೆಯಲ್ಲಿ ಟಾಮ್ ಕಾಬ್ಲಿಯನ್ನು ಕರೆದು ಪಟ್ಟಿಯನ್ನು ಮುಚ್ಚಬೇಕು. ಬ್ರಿಟನ್ನಿನ ಹೊರಗೆ ಈ ಹೆಸರು ಕೇಳಿದವರು ಕಡಿಮೆಯಾದ್ದರಿಂದ ಅಮೆರಿಕದ ಸಹೋದ್ಯೋಗಿಗೆ ಬರೆಯುವ ಪತ್ರದಲ್ಲಿ ಇದು ಬೇಡ. ಅವರು ಈ ಕಾಬ್ಲಿ ಯಾರೆಂದು ವಿಚಾರಿಸಿ ಮರುಪತ್ರ ಬರೆದಾರು.

ನಮ್ಮ ದೇಶದ ಇಂಗ್ಲಿಷಿನಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವುದು ‘ಎವ್ರಿ ಟಾಮ್, ಡಿಕ್ ಅಂಡ್ ಹ್ಯಾರಿ’. ಅದನ್ನು ಈ ಬಳಗದ ಸದಸ್ಯನೆಂದು ಎಣಿಸಿ ನಾಯಿಯ ಜಾಗದಲ್ಲಿ ಅವರನ್ನು ಕೂರಿಸುವುದು ನಮ್ಮವರು ಮಾಡುವ ದೊಡ್ಡ ತಪ್ಪು. ನಾಯಿ ಮತ್ತು ಸೋದರರ ಮಾತಿನಲ್ಲಿ ಬೇಸರವಿರುವುದು ಗುಂಪಿನ ಗಾತ್ರದ ಮೇಲೆ, ಟಾಮ್, ಡಿಕ್, ಹ್ಯಾರಿಗಳ ಮಾತಿನಲ್ಲಿ ತಾತ್ಸಾರವಿರುವುದು ಗುಂಪಿನಲ್ಲಿರುವವರ ಯೋಗ್ಯತೆಯ ಮೇಲೆ. ಹೆಸರೇ ಬೇಕಿಲ್ಲದ ಸಾಮಾನ್ಯರು, ಅರ್ಹತೆಯಿಲ್ಲದವರು ಎಂಬ ಧ್ವನಿ ಅದರಲ್ಲಿ ಗಟ್ಟಿಯಾಗಿದೆ. ಇಂಥ ಮೂರು ಹೆಸರುಗಳ ಸರಣಿಯನ್ನು ಷೇಕ್ಸ್‌ಪಿಯರ್ ಕೂಡ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ತಂದಿದ್ದಾನೆ. ಹೆಂಡದಂಗಡಿಯಲ್ಲಿ ಮದ್ಯ ಸುರಿದುಕೊಡುವ ಹುಡುಗರೊಂದಿಗೆ ಸಲುಗೆ ಬೆಳೆಸಿದ ಯುವರಾಜ ತಾನು ಅವರನ್ನು ಟಾಮ್, ಡಿಕ್, ಫ್ರಾನ್ಸಿಸ್ ಎಂದು ಹೆಸರು ಹಿಡಿದೇ ಕರೆಯಬಲ್ಲೆನೆಂದು ಹೇಳಿಕೊಳ್ಳುತ್ತಾನೆ. (ಆ ಯುವರಾಜನ ಹೆಸರೇ ಹ್ಯಾರಿ ಎಂಬುದು ತಮಾಷೆಯ ಸಂಗತಿ.) ಆದ್ದರಿಂದ ‘ನಮ್ಮ ಸಂಸ್ಥೆಯ ವಾರ್ಷಿಕೋತ್ಸವಕ್ಕೆ ಎವ್ರಿ ಟಾಮ್, ಡಿಕ್ ಅಂಡ್ ಹ್ಯಾರಿ ಬಂದಿದ್ದರು’ ಎಂದು ಸಂತೋಷದಿಂದ ಬರೆದರೆ, ಬಂದ ಅತಿಥಿಗಳೆಲ್ಲ ಬೀದಿಯಲ್ಲಿ ಹೋಗುವವರು ಎಂದು ನೀವೇ ಹೇಳಿದಂತಾಗುತ್ತದೆ.

ಕ್ರಿಯಾಪದ, ಸರ್ವನಾಮ ಮತ್ತು ನಿಷೇಧ

ವ್ಯಾಕರಣದಲ್ಲಿ ಕಷ್ಟವಿರುವುದು ಕ್ರಿಯಾಪದದಲ್ಲಿ. ‘ಅಂಡ್’ ಎಂದು ಇಬ್ಬರನ್ನು ಜೋಡಿಸಿದ ಮೇಲೆ ಬಹುವಚನ ಬರಬೇಕೆಂದು ಶಾಲೆಯಲ್ಲಿ ಕಲಿತ ನಿಯಮ ನೆನಪಿಗೆ ಬಂದು ನಾವು ‘ಆರ್’, ‘ಹ್ಯಾವ್’, ‘ವರ್’ ಎಂದು ಬರೆಯಲು ತೊಡಗುತ್ತೇವೆ. ಆದರೆ ‘ಎವ್ರಿ’ಯಿಂದ ಆರಂಭವಾಗುವ ಜೋಡಿಗೆ ಇಂಗ್ಲಿಷಿನಲ್ಲಿ ಏಕವಚನವೇ ರೂಢಿ. ‘ಎವ್ರಿ ಮ್ಯಾನ್ ಅಂಡ್ ವುಮನ್ ಹ್ಯಾಸ್’ ಎನ್ನುವಂತೆಯೇ ‘ಎವ್ರಿವನ್ ಅಂಡ್ ಹಿಸ್ ಡಾಗ್ ನೋಸ್’, ‘ಎವ್ರಿಬಡಿ ಅಂಡ್ ಹಿಸ್ ಬ್ರದರ್ ವಾಸ್ ದೇರ್’ ಎಂದು ಹೇಳಬೇಕು. ‘ದ ವರ್ಲ್ಡ್ ಅಂಡ್ ಹಿಸ್ ವೈಫ್’ ವಿಷಯದಲ್ಲಿ ಮಾತ್ರ ಬ್ರಿಟಿಷ್ ಬರಹಗಾರರೇ ಎರಡು ಬಗೆಯಲ್ಲೂ ಬರೆಯುತ್ತಾರೆ. ಸರ್ವನಾಮಕ್ಕೆ ಬಂದರೆ ಪರಿಸ್ಥಿತಿ ತಿರುಗುಮುರುಗು: ಕ್ರಿಯಾಪದ ಏಕವಚನದಲ್ಲಿದ್ದರೂ ಮುಂದೆ ಬರುವ ಸರ್ವನಾಮ ‘ದೇ’ ಎಂದೇ ಇರುತ್ತದೆ. ‘ಎವ್ರಿವನ್ ಅಂಡ್ ಹಿಸ್ ಬ್ರದರ್ ಥಿಂಕ್ಸ್ ದೇ ಕ್ಯಾನ್ ಸಿಂಗ್’ ಎಂಬ ವಾಕ್ಯ ನಮ್ಮ ಕಿವಿಗೆ ವಚನಭಂಗದಂತೆ ಕೇಳಿದರೂ ಇಂಗ್ಲಿಷ್ ಕಿವಿಗೆ ಸರಿಯಾಗಿದೆ.

ನಿಷೇಧದಲ್ಲಿ ಸ್ವಲ್ಪ ಎಚ್ಚರ ಬೇಕು. ‘ಎವ್ರಿವನ್ ಅಂಡ್ ಹಿಸ್ ಡಾಗ್ ಡಿಡ್ ನಾಟ್ ಕಮ್’ ಎಂದರೆ ಯಾರೂ ಬರಲಿಲ್ಲವೋ, ಕೆಲವರು ಮಾತ್ರ ಬರಲಿಲ್ಲವೋ ತಿಳಿಯದು, ಅಂಥ ವಾಕ್ಯವನ್ನು ಯಾರೂ ಆಡುವುದಿಲ್ಲ. ಇದೇ ನುಡಿಗಟ್ಟು ಕರ್ಮಪದದ ಜಾಗದಲ್ಲಿ ಬಂದರೆ ನಿಷೇಧದೊಂದಿಗೆ ಚೆನ್ನಾಗಿ ಹೊಂದುತ್ತದೆ. ‘ಡೋಂಟ್ ಟೆಲ್ ಎವ್ರಿವನ್ ಅಂಡ್ ಹಿಸ್ ಡಾಗ್’, ಅಂದರೆ ಊರಿಗೆಲ್ಲ ಸಾರಬೇಡ ಎಂಬುದು ಸೊಗಸಾದ ಬಳಕೆ. ಕಚೇರಿಯಲ್ಲಿ ಪ್ರತಿಯೊಂದು ಮಿಂಚಂಚೆಗೂ ಇಪ್ಪತ್ತು ಮೂವತ್ತು ಮಂದಿಯನ್ನು ಸಿಸಿ ಪಟ್ಟಿಯಲ್ಲಿ ಸೇರಿಸುವ ಸಹೋದ್ಯೋಗಿಗೆ ನಗುನಗುತ್ತ ಹೇಳಲು ‘ಯೂ ಡೋಂಟ್ ನೀಡ್ ಟು ಕಾಪಿ ಎವ್ರಿವನ್ ಅಂಡ್ ದೇರ್ ಡಾಗ್’ ಎಂಬ ವಾಕ್ಯ ಹೇಳಿ ಮಾಡಿಸಿದಂತಿದೆ. ಹಾಗೆಯೇ ‘ಆಲ್ಮೋಸ್ಟ್’, ‘ನಿಯರ್ಲಿ’ ಎಂಬ ಪದಗಳನ್ನು ಇದರ ಮುಂದೆ ಇಡಬಾರದು. ಅತಿಶಯೋಕ್ತಿಯನ್ನು ಆಡಿ ಅದಕ್ಕೆ ತಿದ್ದುಪಡಿ ಹಾಕಿದರೆ ಎರಡೂ ಕೆಡುತ್ತವೆ, ಮತ್ತು ಒಬ್ಬಿಬ್ಬರು ಬಾರದೆ ಉಳಿದಿರಬಹುದೆಂಬುದು ಈ ನುಡಿಗಟ್ಟಿನಲ್ಲೇ ಅಡಕವಾಗಿದೆ.

ಎಲ್ಲಕ್ಕಿಂತ ಅಪಾಯದ ಜಾಗ ಮೊದಲ ಪದದಲ್ಲಿದೆ. ‘ಎವ್ರಿ ಮ್ಯಾನ್ ಅಂಡ್ ಹಿಸ್ ಡಾಗ್’ ಎಂದರೆ ಕಿಕ್ಕಿರಿದ ಜನ, ‘ಒನ್ ಮ್ಯಾನ್ ಅಂಡ್ ಹಿಸ್ ಡಾಗ್’ ಎಂದರೆ ಇದಕ್ಕೆ ನೇರ ವಿರುದ್ಧವಾಗಿ ಹೇಳಿಕೊಳ್ಳುವಷ್ಟು ಜನವೇ ಇಲ್ಲ. ಸಣ್ಣ ಕ್ಲಬ್ಬಿನ ಫುಟ್‌ಬಾಲ್ ಪಂದ್ಯವನ್ನೋ, ಇಬ್ಬರೇ ನಡೆಸುವ ಪುಟ್ಟ ಕಂಪನಿಯನ್ನೋ ಬ್ರಿಟನ್ನಿನವರು ಹೀಗೆ ಬಣ್ಣಿಸುತ್ತಾರೆ. ಹುಲ್ಲು ಕೊಯ್ಯಲು ಹೊರಟ ಒಬ್ಬ ಮನುಷ್ಯ ಮತ್ತು ಅವನ ನಾಯಿಯಿಂದ ಎಣಿಕೆ ಆರಂಭಿಸುವ ಮಕ್ಕಳ ಹಾಡು ಅಲ್ಲಿ ಎಲ್ಲರಿಗೂ ಬರುತ್ತದೆ. ಕುರಿ ಕಾಯುವ ನಾಯಿಗಳ ಸ್ಪರ್ಧೆಯನ್ನು ತೋರಿಸುವ ಬಿಬಿಸಿಯ ಕಾರ್ಯಕ್ರಮವೊಂದು 1976ರಲ್ಲಿ ಆರಂಭವಾದಾಗ ಇಟ್ಟ ಹೆಸರೂ ‘ಒನ್ ಮ್ಯಾನ್ ಅಂಡ್ ಹಿಸ್ ಡಾಗ್’ ಎಂಬುದೇ. ಹೀಗೆ ಆ ಮಾತು ಅವರ ಕಿವಿಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದ, ತುಂಬಿದ ಸಭೆಯನ್ನು ಹೊಗಳಲು ಹೋಗಿ ‘ಎವ್ರಿ’ ಜಾಗದಲ್ಲಿ ‘ಒನ್’ ಬಂದರೆ ಸಂಘಟಕರ ಮಾನ ಹೋಗುತ್ತದೆ.

ಎಲ್ಲಿ ಬಳಸಬಾರದು?

ನೀವು ನಗಬಹುದಾದ ಗುಂಪಿನ ಬಗ್ಗೆ ಮಾತ್ರ ಇದನ್ನು ಹೇಳಬೇಕು ಎಂಬ ಒಂದೇ ಸೂತ್ರದಿಂದ ಉಳಿದ ನಿಷೇಧಗಳೆಲ್ಲ ಹೊರಡುತ್ತವೆ. ಅಂತ್ಯಕ್ರಿಯೆಗೆ ಬಂದವರು, ಅಪಘಾತದಲ್ಲಿ ಸಿಲುಕಿದವರು, ನೆರವಿಗಾಗಿ ಸಾಲಿನಲ್ಲಿ ನಿಂತವರು ಎಷ್ಟೇ ದೊಡ್ಡ ಸಂಖ್ಯೆಯಲ್ಲಿದ್ದರೂ ಅವರ ಹಿಂದೆ ನಾಯಿಯನ್ನು ಕಟ್ಟಬಾರದು. ಅಂಕಿ-ಅಂಶಗಳ ವರದಿಯಲ್ಲಿ, ಕಾನೂನಿನ ಪತ್ರದಲ್ಲಿ, ಮೇಲಧಿಕಾರಿಗೆ ಬರೆಯುವ ಅರ್ಜಿಯಲ್ಲಿ ಇದು ಸಲ್ಲದು, ಅಲ್ಲಿ ಬರಿಯ ‘ಎವ್ರಿವನ್’ ಸಾಕು. ಕೇಳುತ್ತಿರುವವರೇ ಆ ಗುಂಪಿನಲ್ಲಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ಮಗಳ ಮದುವೆಗೆ ಬಂದ ಅತಿಥಿಯ ಮುಂದೆ ‘ವೀ ಇನ್ವೈಟೆಡ್ ಎವ್ರಿಬಡಿ ಅಂಡ್ ಹಿಸ್ ಬ್ರದರ್’ ಎಂದರೆ, ಯಾರು ಯಾರೋ ಬಂದಿದ್ದಾರೆ, ಅವರಲ್ಲಿ ನೀವೂ ಒಬ್ಬರು ಎಂದು ಅವರು ತಿಳಿದಾರು. ಅದೇ ಮಾತನ್ನು ಮದುವೆ ಮುಗಿದ ಮೇಲೆ, ಊಟದ ಬಿಲ್ಲನ್ನು ಕೈಯಲ್ಲಿ ಹಿಡಿದು, ಮನೆಯವರೊಂದಿಗೆ ಆಡಿದರೆ ಯಾರೂ ಮುನಿಯುವುದಿಲ್ಲ. ನಿಜವಾದ ನಾಯಿಗಳೋ ಹೆಂಡಂದಿರೋ ಸೋದರರೋ ಪ್ರಸಂಗದಲ್ಲಿ ಇರುವಾಗಲೂ ಗೊಂದಲವಾಗುತ್ತದೆ. ಪಶುವೈದ್ಯರ ಲಸಿಕೆ ಶಿಬಿರಕ್ಕೆ ಎವ್ರಿವನ್ ಅಂಡ್ ಹಿಸ್ ಡಾಗ್ ಬಂದರು ಎಂದರೆ ಅದು ಬರಿಯ ವರದಿ. ಬೇಕೆಂದೇ ಶ್ಲೇಷೆ ಮಾಡುವವರಿಗೆ ಮಾತ್ರ ಅಲ್ಲಿ ಅವಕಾಶವಿದೆ.

ಬರೆಯುವಾಗ ಇದಕ್ಕೆ ಉದ್ಧರಣ ಚಿಹ್ನೆ ಹಾಕಬಾರದು, ನಡುವೆ ಅಲ್ಪವಿರಾಮವನ್ನೂ ಇಡಬಾರದು. ಚಿಹ್ನೆ ಹಾಕಿದರೆ ‘ಇಗೋ, ನಾನೊಂದು ನುಡಿಗಟ್ಟು ಬಳಸುತ್ತಿದ್ದೇನೆ’ ಎಂದು ಓದುಗರಿಗೆ ಕೈತಟ್ಟಿ ತೋರಿಸಿದಂತಾಗುತ್ತದೆ. ಟಾಮ್ ಕಾಬ್ಲಿಯ ಹೆಸರಿಗೆ ದೊಡ್ಡಕ್ಷರ ಬೇಕು, ನಾಯಿ, ತಾಯಿ, ಸೋದರರಿಗೆ ಬೇಡ. ಮಾತಿನಲ್ಲಿ ಇಡೀ ತುಣುಕನ್ನು ಒಂದೇ ಉಸಿರಿನಲ್ಲಿ ಹೇಳಿ ಕೊನೆಯ ಪದದ ಮೇಲೆ ಒತ್ತು ಕೊಡಬೇಕು. ‘ಎವ್ರಿವನ್’ ಎಂದು ನಿಲ್ಲಿಸಿ ಆಮೇಲೆ ‘ಅಂಡ್ ಹಿಸ್ ಡಾಗ್’ ಎಂದರೆ ಕೇಳುವವರು ನಾಯಿಯನ್ನು ಹುಡುಕುತ್ತ ಸುತ್ತ ನೋಡುತ್ತಾರೆ. ಒಂದು ಬರಹದಲ್ಲಿ ಒಂದು ಸಲಕ್ಕಿಂತ ಹೆಚ್ಚು ಬಂದರೆ ಅದು ಚಟವೆನಿಸುತ್ತದೆ.

ಕನ್ನಡಕ್ಕೆ ತರುವಾಗ

ಇಂಗ್ಲಿಷ್ ಬರಹವನ್ನು ಕನ್ನಡಿಸುವವರಿಗೆ ಈ ಬಳಗ ಎದುರಾದಾಗ ನಾಯಿಯನ್ನು ನಾಯಿಯಾಗಿ ತಂದರೆ ಕೆಲಸ ಕೆಡುತ್ತದೆ, ಬರಿಯ ‘ಎಲ್ಲರೂ’ ಎಂದರೆ ನಗು ಸೋರಿಹೋಗುತ್ತದೆ. ‘ಊರಿಗೆ ಊರೇ ನೆರೆದಿತ್ತು’ ಎಂಬುದು ಸಂಭ್ರಮದ ಮಾತು, ಅದರಲ್ಲಿ ಬೇಸರವಿಲ್ಲ. ಆದ್ದರಿಂದ ಅದು ಜಗತ್ತು ಮತ್ತು ಅವನ ಹೆಂಡತಿ ಖುಷಿಯಿಂದ ಬಂದ ಸಂದರ್ಭಕ್ಕೆ ಮಾತ್ರ ಹೊಂದುತ್ತದೆ. ‘ಕಂಡಕಂಡವರೆಲ್ಲ’, ‘ದಾರಿಯಲ್ಲಿ ಹೋಗುವವರೆಲ್ಲ’ ಎಂಬ ಮಾತುಗಳಲ್ಲಿ ತಾತ್ಸಾರ ಹೆಚ್ಚು, ಅವನ್ನು ಟಾಮ್, ಡಿಕ್, ಹ್ಯಾರಿಗಳಿಗೆ ಮೀಸಲಿಡಬೇಕು. ನಾಯಿ ಮತ್ತು ಸೋದರರ ಹದವಾದ ಬೇಸರಕ್ಕೆ ಕನ್ನಡದಲ್ಲಿ ಒಗ್ಗುವುದು ಎರಡು ಸಲ ಇಲ್ಲವೆನ್ನುವ ರಚನೆ: ‘ಈಗ ಪಾಡ್‌ಕಾಸ್ಟ್ ಮಾಡದವರೇ ಇಲ್ಲ’, ‘ಈ ಗುಟ್ಟು ಗೊತ್ತಿಲ್ಲದವರು ಯಾರಿದ್ದಾರೆ ಹೇಳಿ’. ಟಾಮ್ ಕಾಬ್ಲಿಯ ಪಟ್ಟಿಯನ್ನು ‘ಅವರು ಇವರು ಎನ್ನದೆ ಎಲ್ಲರೂ’ ಎಂದು ಮುಚ್ಚಬಹುದು. ಇನ್ನು ‘ಒನ್ ಮ್ಯಾನ್ ಅಂಡ್ ಹಿಸ್ ಡಾಗ್’ ಬಂದಾಗ ‘ನರಪಿಳ್ಳೆಯೂ ಇರಲಿಲ್ಲ’ ಎಂದರೆ ಅತಿಯಾಗುತ್ತದೆ, ಏಕೆಂದರೆ ಅಲ್ಲಿ ಒಬ್ಬನಾದರೂ ಇದ್ದಾನೆ. ‘ಬೆರಳೆಣಿಕೆಯಷ್ಟು ಜನ’ ಎಂದರೆ ಅರ್ಥ ಸರಿಹೋದರೂ ನಗು ಬರುವುದಿಲ್ಲ. ಸಂದರ್ಭ ಒಂದು ಸಭೆಯದಾಗಿದ್ದರೆ ‘ಮೈಕಿನವನು, ಶಾಮಿಯಾನದವನು ಬಿಟ್ಟರೆ ಯಾರೂ ಇರಲಿಲ್ಲ’ ಎಂದು ಬರೆದು ನೋಡಿ, ಕನ್ನಡದ ಓದುಗರಿಗೆ ಅಲ್ಲಿ ನಾಯಿಯ ಕೊರತೆ ಕಾಣುವುದಿಲ್ಲ.